ಹೆಸರು ಪ್ಯಾರಿಸಿನದು, ಉಸಿರು ಎಲ್ಲಿಯದು? ಹಳೆಯ ಪಿಯಾನೋ, ಹಾರ್ಮೋನಿಯಂಗಳಲ್ಲಿ ನಕಲಿ ಹಿಡಿಯುವ ಕೈಪಿಡಿ

ಬೆಂಗಳೂರಿನಲ್ಲಿ ಹಳೆಯ ಪಿಯಾನೋ ಅಥವಾ ಕಾಲು ಹಾರ್ಮೋನಿಯಂ ಮಾರಾಟಕ್ಕೆ ಬಂತೆಂದರೆ ಜೊತೆಗೆ ಒಂದು ಕಥೆಯೂ ಬರುತ್ತದೆ. ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆಯಿಂದ ಬಂದದ್ದಾದರೆ "ದೊರೆಗಳ ಬಂಗಲೆಯದು". ಬಳೇಪೇಟೆ ಸುತ್ತಮುತ್ತ ಕಂಡದ್ದಾದರೆ "ಗುಬ್ಬಿ ಕಂಪನಿ ಪೆಟ್ಟಿಗೆ". ಎರಡಕ್ಕೂ ಹೊಂದದಿದ್ದರೆ "ಅರಮನೆ ಮಾಲು ಸಾರ್, ಮಹಾರಾಜರು ಮುಟ್ಟಿದ್ದು". ಇವು ಪೂರಾ ಬುರುಡೆಯಲ್ಲ ಅನ್ನುವುದೇ ತೊಂದರೆ. ಕಂಟೋನ್ಮೆಂಟ್ 1809ರಿಂದ ಇದೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ರಷ್ಯದ ಸಂಗೀತಗಾರ ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅರ್ಪಿಸಿದ್ದೇ ಅವರಿಗೆ. ಹಾಗಾಗಿ ಕಥೆ ಕೇಳಿದವರು ತಲೆ ಆಡಿಸುತ್ತಾರೆ, ಪೆಟ್ಟಿಗೆ ತೆರೆದು ನೋಡುವುದಿಲ್ಲ.

ಕಥೆಯನ್ನು ಪಕ್ಕಕ್ಕಿಟ್ಟು ವಾದ್ಯವನ್ನೇ ವಿಚಾರಿಸುವ ಕ್ರಮ ಇಲ್ಲಿದೆ. ನೂರು ವರ್ಷ ದಾಟಿದ ಯಾವ ವಾದ್ಯವೂ ಹುಟ್ಟಿದ ಹಾಗೇ ಉಳಿದಿರುವುದಿಲ್ಲ. ತಂತಿ ಬದಲಾಗಿರುತ್ತದೆ, ತಿದಿಯ ಚರ್ಮ ಹರಿದು ಹೊಸದು ಅಂಟಿಸಿರುತ್ತಾರೆ, ಗೆದ್ದಲು ತಿಂದ ಹಲಗೆ ಹೋಗಿ ಬೇರೆ ಹಲಗೆ ಬಂದಿರುತ್ತದೆ. ಅದು ರಿಪೇರಿ, ದೋಷವಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ಕೈಯ ಭಾಗಗಳನ್ನು ಸೇರಿಸಿ "ಎಲ್ಲಾ ಒರಿಜಿನಲ್, ಇಂಥವರೇ ಮಾಡಿದ್ದು" ಎಂದು ಬೆಲೆ ಏರಿಸುವುದು ದೋಷ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಇದು ಹಳೆಯದೋ ಹೊಸದೋ" ಅಲ್ಲ, "ಇದರಲ್ಲಿ ಯಾವ ಭಾಗ ಯಾವಾಗಿನದು" ಎಂಬುದು.

ಬದಲಿಸಲು ಕಷ್ಟವಾದದ್ದನ್ನು ಮೊದಲು ನೋಡಿ, ಸುಲಭವಾದದ್ದನ್ನು ಕೊನೆಗೆ. ಹೆಸರಿನ ಫಲಕ ಎಲ್ಲಕ್ಕಿಂತ ಸುಲಭ, ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಆದರೆ ಕೊಳ್ಳಲು ಬಂದವರೆಲ್ಲ ಬಗ್ಗಿ ಓದುವುದು ಅದನ್ನೇ, ಫೋಟೋ ತೆಗೆಯುವುದೂ ಅದನ್ನೇ.

ಬೇಕಾದ ಸಾಮಾನು ಹೆಚ್ಚಿಲ್ಲ. ಟಾರ್ಚು, ಪುಟ್ಟ ಕನ್ನಡಿ, ಭೂತಗನ್ನಡಿ, ಅಳತೆ ಟೇಪು, ಅಗಲ ಬಾಯಿಯ ಸ್ಕ್ರೂಡ್ರೈವರ್, ನೋಟು ಅಸಲಿಯೋ ಎಂದು ನೋಡುವ ನೇರಳೆ ಬೆಳಕಿನ ಟಾರ್ಚು, ಫೋನಿನ ಕ್ಯಾಮೆರಾ. ತೆರೆಯುವ ಮುಂಚೆ ಮಾಲೀಕರ ಒಪ್ಪಿಗೆ ಪಡೆಯಿರಿ. "ಬಿಚ್ಚೋದು ಬೇಡ ಸಾರ್, ಹಾಳಾಗುತ್ತೆ" ಅಂದರೆ ಅಲ್ಲಿಗೇ ನಿಲ್ಲಿಸಿ. ಬಿಚ್ಚಲು ಬಿಡದ ಪೆಟ್ಟಿಗೆಗೆ ಮರದ ಸಾಮಾನಿನ ಬೆಲೆಗಿಂತ ಹೆಚ್ಚು ಕೊಡಬೇಕಾಗಿಲ್ಲ.

ದೋಷವಲ್ಲದ ದೋಷಗಳು: ಇಸವಿ ತಪ್ಪಾಗಿ ಓದುವುದು

ವಂಚನೆ ಎಂದು ನನ್ನ ಮುಂದೆ ಬರುವ ದೂರುಗಳಲ್ಲಿ ಬಹಳಷ್ಟು ವಂಚನೆಯೇ ಅಲ್ಲ, ಮಾರುವವರಿಗೂ ಗೊತ್ತಿರುವುದಿಲ್ಲ. ಫಲಕದ ಮೇಲಿನ ಇಸವಿ ಬಹಳ ಸಲ ಕಂಪನಿ ಶುರುವಾದ ವರ್ಷ. ಲಂಡನ್ನಿನ ಬ್ರಾಡ್‌ವುಡ್ ತನ್ನ ಮೂಲವನ್ನು 1728ಕ್ಕೆ ಒಯ್ಯುತ್ತದೆ. ಹಾಗೆಂದು ಆ ಇಸವಿ ಇರುವ ಬ್ರಾಡ್‌ವುಡ್ ಪಿಯಾನೋ 1728ರದಲ್ಲ, 1920ರದೂ ಆಗಿರಬಹುದು. ಇನ್ನು ಸೀರಿಯಲ್ ನಂಬರನ್ನೇ ಇಸವಿ ಎಂದು ಓದುವುದು: 1846 ಎಂದು ಕೊರೆದಿದ್ದರೆ ಅದು ಸಾವಿರದ ಎಂಟುನೂರ ನಲವತ್ತಾರನೆಯ ವಾದ್ಯವೂ ಆಗಿರಬಹುದು.

ವಸ್ತುಪ್ರದರ್ಶನಗಳಲ್ಲಿ ಗೆದ್ದ ಪದಕಗಳ ಚಿತ್ರ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪ್ಯಾರಿಸ್ 1878 ಎಂಬ ಪದಕ ಅಚ್ಚಾಗಿದ್ದರೆ ಆ ಫಲಕ 1878ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಪದಕಗಳಲ್ಲಿ ಕೊನೆಯ ಇಸವಿಯನ್ನು ಹಿಡಿಯಿರಿ. ಹಾಗೆಯೇ "ಮೇಡ್ ಇನ್ ಜರ್ಮನಿ" ಎಂಬ ಬರಹ. ಬ್ರಿಟನ್ನಿನಲ್ಲಿ 1887ರ ಸರಕು ಗುರುತಿನ ಕಾಯಿದೆ ಬಂದ ಮೇಲೆ ಹೀಗೆ ದೇಶದ ಹೆಸರು ಹಾಕುವುದು ರೂಢಿಯಾಯಿತು. 1850ರದು ಎನ್ನುವ ಪಿಯಾನೋ ಮೇಲೆ ಆ ಮಾತಿದ್ದರೆ ಎರಡರಲ್ಲಿ ಒಂದು ಸುಳ್ಳು. "ಹರ್ ಮೆಜೆಸ್ಟಿ"ಗೆ ಒದಗಿಸುವವರು ಎಂದಿದ್ದರೆ ಅದು ವಿಕ್ಟೋರಿಯಾ ರಾಣಿ ತೀರಿಕೊಂಡ 1901ಕ್ಕಿಂತ ಹಿಂದಿನದಿರಬಹುದು.

ಲಕ್ಷಣ: ಮನೆಗಳ ಲೆಕ್ಕ ತಾಳೆಯಾಗುತ್ತಿಲ್ಲ

ನನ್ನ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ. ಹೆಚ್ಚು ಸಮಯ ಇಲ್ಲಿ ಕೊಡಿ.

ಕೀಲಿಮಣೆಯಲ್ಲಿ ಬೆರಳಿಟ್ಟು ಒತ್ತುವ ಪಟ್ಟಿಗಳೇ ಮನೆಗಳು. ಅವನ್ನು ಒಂದೊಂದಾಗಿ ಮಾಡುವುದಿಲ್ಲ. ಒಂದು ಅಗಲ ಹಲಗೆಯ ಮೇಲೆ ಗೆರೆ ಎಳೆದು, ನಂಬರು ಹಾಕಿ, ಆಮೇಲೆ ಗರಗಸದಲ್ಲಿ ಸೀಳುತ್ತಾರೆ. ಆದ್ದರಿಂದ ಮುಂದಿನ ಪಟ್ಟಿ ತೆಗೆದು ಮನೆಗಳನ್ನು ಸಾಲಾಗಿ ನೋಡಿದರೆ ಮರದ ನಾರು ಒಂದು ಮನೆಯಿಂದ ಪಕ್ಕದ ಮನೆಗೆ ಮುಂದುವರಿಯುತ್ತದೆ. ಗೆರೆ ಎಲ್ಲೋ ತಟ್ಟನೆ ಮುರಿದು, ಅಲ್ಲಿಂದಾಚೆ ಮರದ ಬಣ್ಣ, ನಾರು ಎರಡೂ ಬೇರೆಯಾದರೆ ಆ ಭಾಗ ಆಮೇಲೆ ಸೇರಿಸಿದ್ದು. ಪ್ರತಿ ಮನೆಯ ಮೇಲೂ ಸಾಮಾನ್ಯವಾಗಿ ನಂಬರು ಇರುತ್ತದೆ. ನಡುವೆ ಒಂದು ಮನೆ ತುಂಡಾಗಿ ಹೊಸದು ಬಂದಿದ್ದರೆ ಅದು ರಿಪೇರಿ. ಎರಡು ಬಗೆಯ ಬರವಣಿಗೆಯಲ್ಲಿ ನಂಬರು ಇದ್ದರೆ, ಒಂದು ಸರಣಿ 1ರಿಂದ ಶುರುವಾಗಿ ಇನ್ನೊಂದು 5ರಿಂದ ಶುರುವಾದರೆ, ಎರಡು ವಾದ್ಯ ಸೇರಿ ಒಂದಾಗಿವೆ.

ಮನೆಗಳನ್ನು ಎತ್ತಿ ಕೆಳಗಿನ ಚೌಕಟ್ಟನ್ನೂ ನೋಡಿ. ಪಿನ್ನು ಕಿತ್ತು ಮರದ ಬೆಣೆ ಬಡಿದ ಹಳೆಯ ತೂತುಗಳು ಸಾಲಾಗಿ ಕಂಡರೆ ಆ ಚೌಕಟ್ಟು ಬೇರೆ ಮನೆಗಳಿಗಾಗಿ ಮಾಡಿದ್ದು. ಎಣಿಸುವುದೂ ಒಂದು ಪರೀಕ್ಷೆ: ಪಿಯಾನೋದಲ್ಲಿ 85 ಮನೆ ಬಹುಕಾಲ ಸಾಮಾನ್ಯ, 88 ಹರಡಿದ್ದು 19ನೇ ಶತಮಾನದ ಕೊನೆಗೆ. 88 ಮನೆಯ "1840ರ" ಪಿಯಾನೋ ಎಂದರೆ ತೆಗೆದು ನೋಡಲೇಬೇಕು.

ಹೀಗೆ ಮನೆ ಸೇರಿಸುವುದೆಲ್ಲ ಮೋಸವಲ್ಲ ಎಂಬುದಕ್ಕೆ ಆಂಟ್‌ವರ್ಪಿನ ರುಕರ್ಸ್ ಮನೆತನದ ಹಾರ್ಪ್ಸಿಕಾರ್ಡುಗಳೇ (ಪಿಯಾನೋಗೂ ಹಿಂದಿನ, ತಂತಿ ಮೀಟುವ ಕೀಲಿಮಣೆ ವಾದ್ಯ) ಸಾಕ್ಷಿ. 16, 17ನೇ ಶತಮಾನದಲ್ಲಿ ಅವರು ಮಾಡಿದ ವಾದ್ಯಗಳಲ್ಲಿ ಹಲವಕ್ಕೆ ನಾಲ್ಕು ಸ್ಥಾಯಿಯಷ್ಟೇ ವ್ಯಾಪ್ತಿ, 45 ಮನೆ. 18ನೇ ಶತಮಾನದ ಪ್ಯಾರಿಸ್ಸಿಗೆ ಅಷ್ಟು ಸಾಲಲಿಲ್ಲ. ಅಲ್ಲಿನ ಕುಶಲಕರ್ಮಿಗಳು ಪೆಟ್ಟಿಗೆಯನ್ನು ಅಗಲಿಸಿ ಐದು ಸ್ಥಾಯಿಗೆ, 61 ಮನೆಗೆ ಬೆಳೆಸಿದರು. ಇದು ರಾಜಾರೋಷವಾಗಿ ನಡೆದ ಕೆಲಸ. ಆದರೆ ರುಕರ್ಸ್ ಹೆಸರಿಗೆ ಬೆಲೆ ಏರಿದ ಹಾಗೆ ಇನ್ನೊಂದು ಕೆಲಸವೂ ಶುರುವಾಯಿತು. ಹೊಸದಾಗಿ ಮಾಡಿದ ವಾದ್ಯಕ್ಕೇ ರುಕರ್ಸ್ ಹೆಸರು ಬರೆದು, ನಾದದ ಹಲಗೆಯಲ್ಲಿ ಅವರ ಮುದ್ರೆಯ ಲೋಹದ ಹೂವನ್ನು ಕೂರಿಸಿ ಮಾರಿದರು. ಹೊರಗಿನಿಂದ ಎರಡೂ ಒಂದೇ ಥರ. ಒಳಗೆ ನೋಡಿದರೆ ಮೊದಲನೆಯದರಲ್ಲಿ ಹಳೆಯ ಗಾಯದ ಗುರುತುಗಳು ಸಿಗುತ್ತವೆ, ಕತ್ತರಿಸಿದ ಹಲಗೆ, ಜರುಗಿಸಿದ ಸೇತುವೆ (ತಂತಿ ಹಾಯುವ ಪಟ್ಟಿ), ಮುಚ್ಚಿದ ತೂತು. ಎರಡನೆಯದು ಮೊದಲ ದಿನದಿಂದಲೇ ಅಗಲ. ಅಂದರೆ ಇಲ್ಲಿ ಗಾಯ ಇರುವುದೇ ಅಸಲಿ! ಮಾರುಕಟ್ಟೆಯಲ್ಲಿ ಇದನ್ನು ತಲೆಕೆಳಗಾಗಿ ಓದುತ್ತಾರೆ.

ಫ್ಲಾರೆನ್ಸಿನ ವ್ಯಾಪಾರಿ ಲಿಯೊಪೋಲ್ಡೊ ಫ್ರಾಂಚೊಲೀನಿಯದು ಇನ್ನೂ ಮುಂದಿನ ಹೆಜ್ಜೆ. 19ನೇ ಶತಮಾನದ ಕೊನೆಗೆ ಯೂರೋಪ್, ಅಮೆರಿಕದ ಸಂಗ್ರಹಕಾರರಿಗೆ ಹಳೆಯ ವಾದ್ಯ ಮಾರಿದವನು. ಮುರಿದ ವಾದ್ಯಗಳ ಭಾಗ ಕೂಡಿಸುವುದು, ಒಂದು ಸಾಲು ಮನೆ ಇದ್ದ ಕಡೆ ಇನ್ನೊಂದೆರಡು ಸಾಲು ಸೇರಿಸುವುದು, ದೊಡ್ಡ ಹೆಸರು ಮತ್ತು ಹಳೆಯ ಇಸವಿ ಬರೆಸುವುದು ಅವನ ಕಸುಬು. 1910ರಲ್ಲಿ ಇಟಲಿಯ ನ್ಯಾಯಾಲಯ ಅವನನ್ನು ವಂಚನೆಯ ಅಪರಾಧಿ ಎಂದಿತು. ಅಷ್ಟರಲ್ಲಿ ಅವನ ಮಾಲು ಮಿಶಿಗನ್ ವಿಶ್ವವಿದ್ಯಾಲಯದ ಸ್ಟರ್ನ್ಸ್ ಸಂಗ್ರಹದಂಥ ಕಡೆ ಹೋಗಿ ಕೂತಿತ್ತು. ಮೂರು ಸಾಲು ಮನೆಯ ಹಾರ್ಪ್ಸಿಕಾರ್ಡ್ ಎಂದರೆ ಈಗಲೂ ತಜ್ಞರು ಮೊದಲು ಅನುಮಾನಿಸುವುದು ಇವನ ದೆಸೆಯಿಂದ. ಹಾಗೆಂದು ಮೂರು ಸಾಲು ಇದ್ದೇ ಇಲ್ಲ ಅನ್ನಲಾಗದು, ಹ್ಯಾಂಬರ್ಗಿನ ಹಾಸ್ 1740ರಲ್ಲಿ ಮಾಡಿದ್ದು ಅಸಲಿ. ಸೇರಿಸಿದ ಸಾಲನ್ನು ಹಿಡಿಯುವ ದಾರಿ ಸರಳ: ಪ್ರತಿ ಮನೆ ಒತ್ತಿದಾಗ ಅದರ ಹಿಂದಿನ ತುದಿ ಏನನ್ನು ಎತ್ತುತ್ತದೆ ಎಂದು ಕನ್ನಡಿಯಲ್ಲಿ ನೋಡಿ. ಏನನ್ನೂ ಎತ್ತದ ಸಾಲು ಶೋಕಿಗೆ ಕೂರಿಸಿದ ಸಾಲು.

ಲಕ್ಷಣ: ಹೆಸರು ಪ್ಯಾರಿಸ್, ಗಾಳಿ ಒಳಕ್ಕೆ ಎಳೆಯುತ್ತದೆ

ಹಾರ್ಪ್ಸಿಕಾರ್ಡು ನಮ್ಮೂರಲ್ಲಿ ಕೈಗೆ ಸಿಗುವುದು ಅಪರೂಪ. ನಮ್ಮಲ್ಲಿ ನಿಜವಾದ ವ್ಯವಹಾರ ಕಾಲು ಹಾರ್ಮೋನಿಯಂನದು.

ಅಲೆಕ್ಸಾಂಡ್ರ್ ದೆಬೇನ್ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂನಲ್ಲಿ ತಿದಿ ಗಾಳಿಯನ್ನು ರೀಡಿನ, ಅಂದರೆ ನಡುಗಿ ನಾದ ಕೊಡುವ ಹಿತ್ತಾಳೆ ನಾಲಿಗೆಯ ಕಡೆಗೆ ಒತ್ತುತ್ತದೆ. ಅಮೆರಿಕದ ಎಸ್ಟೆ, ಮೇಸನ್ ಅಂಡ್ ಹ್ಯಾಮ್ಲಿನ್ ಮುಂತಾದವರ ರೀಡ್ ಆರ್ಗನ್‌ಗಳಲ್ಲಿ ಉಲ್ಟಾ. ತಿದಿ ಗಾಳಿಯನ್ನು ಹೊರಹಾಕುತ್ತದೆ, ಹೊರಗಿನ ಗಾಳಿ ರೀಡಿನ ಮೂಲಕ ಒಳಕ್ಕೆ ನುಗ್ಗುತ್ತದೆ. ನೋಡುವುದು ಹೇಗೆ? ಹಿಂದಿನ ಹಲಗೆ ತೆಗೆದು ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ದೊಡ್ಡ ತಿದಿಯನ್ನು ನೋಡಲಿ. ತುಳಿದಂತೆ ಅದು ಉಬ್ಬಿದರೆ ಒತ್ತುವ ಬಗೆ. ಮೊದಲೇ ತೆರೆದುಕೊಂಡಿದ್ದು ತುಳಿದಂತೆ ಮುದುಡಿದರೆ ಎಳೆಯುವ ಬಗೆ. ರೀಡುಗಳ ಜೋಡಣೆಯೂ ಬೇರೆ. ಹಳೆಯ ಫ್ರೆಂಚ್ ಪೆಟ್ಟಿಗೆಗಳಲ್ಲಿ ಪ್ರತಿ ರೀಡಿನ ಹಿತ್ತಾಳೆ ತಟ್ಟೆಯನ್ನೂ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅಮೆರಿಕದವುಗಳಲ್ಲಿ ರೀಡು ಸಣ್ಣ ಗೂಡಿನೊಳಗೆ ಜಾರಿ ಕೂತಿರುತ್ತದೆ, ಕೊಕ್ಕೆ ಹಾಕಿ ಎಳೆದು ತೆಗೆಯಬೇಕು.

ಹೆಸರನ್ನು ಬದಲಿಸಬಹುದು, ರೀಡನ್ನೂ ಬದಲಿಸಬಹುದು. ಗಾಳಿಯ ದಿಕ್ಕನ್ನು ಬದಲಿಸಬೇಕಾದರೆ ಪೆಟ್ಟಿಗೆಯನ್ನೇ ಹೊಸದಾಗಿ ಮಾಡಬೇಕು. ಆದ್ದರಿಂದ ದೆಬೇನ್ ಫಲಕ ಇರುವ ಪೆಟ್ಟಿಗೆ ಗಾಳಿ ಎಳೆಯುತ್ತಿದ್ದರೆ ಫಲಕ ಬೇರೆ ಕಡೆಯಿಂದ ಬಂದದ್ದು. ಒಂದು ಎಚ್ಚರಿಕೆ: ಯೂರೋಪಿನ ಕೆಲವು ತಯಾರಕರೂ ಆಮೇಲೆ ಅಮೆರಿಕದ ಬಗೆಯನ್ನು ಮಾಡಿದರು, ಹಾಗಾಗಿ ಬರೀ ಊರಿನ ಹೆಸರಿನಿಂದ ತೀರ್ಪು ಕೊಡಬೇಡಿ.

ನಾದ ಬದಲಿಸುವ ಗುಂಡಿಗಳನ್ನು ಎಳೆದು ನೋಡಿ. ಫ್ರೆಂಚ್ ಪೆಟ್ಟಿಗೆಗಳಲ್ಲಿ ರೀಡಿನ ಸಾಲುಗಳಿಗೆ 1ರಿಂದ 4ರವರೆಗೆ ನಂಬರು, ಉಸಿರಿನ ಹಿಡಿತಕ್ಕೆ "ಇ", ಎಲ್ಲಾ ಸಾಲು ಒಟ್ಟಿಗೆ ನುಡಿಯಲು "ಜಿ" ಎಂದು ಗುರುತಿರುತ್ತದೆ. ಹನ್ನೆರಡು ಗುಂಡಿ ಇದ್ದು ಒಳಗೆ ಎರಡೇ ಸಾಲು ರೀಡು ಇದ್ದರೆ ಯಾರೋ ಮುಂಭಾಗ ಬದಲಿಸಿದ್ದಾರೆ ಅನಿಸಬಹುದು. ಆತುರ ಬೇಡ. ಅಮೆರಿಕದ ಕಾರ್ಖಾನೆಗಳೇ ಗಿರಾಕಿಯನ್ನು ಮೆಚ್ಚಿಸಲು ಹಿಂದೆ ಏನೂ ಇಲ್ಲದ ಗುಂಡಿಗಳನ್ನು ಕೂರಿಸುತ್ತಿದ್ದವು. ನೂರು ವರ್ಷದ ಹಳೆಯ ಬಡಾಯಿ, ಅಷ್ಟೇ.

ಕೈ ಹಾರ್ಮೋನಿಯಂ ಮೇಲೆ "ಪ್ಯಾರಿಸ್" ಎಂದು ಕಂಡರೆ ಬಹುಮಟ್ಟಿಗೆ ಅದು ರೀಡಿನ ಮಾತು. ನಾವು ಈಗ ಬಳಸುವ ಕೈ ಪೆಟ್ಟಿಗೆಯ ರೂಪ 19ನೇ ಶತಮಾನದ ಕೊನೆಯಲ್ಲಿ ಕೋಲ್ಕತ್ತದಲ್ಲಿ, ದ್ವಾರಕಾನಾಥ ಘೋಷರ ದ್ವಾರ್ಕಿನ್ ಅಂಗಡಿಯಂಥ ಕಡೆ ಬೆಳೆದದ್ದು. ಪ್ಯಾರಿಸ್ ರೀಡು, ಜರ್ಮನ್ ರೀಡು ತರಿಸಿ ಇಲ್ಲಿನ ಮರದಲ್ಲಿ ಕೂರಿಸುತ್ತಿದ್ದರು. ಈಗ ಗುಜರಾತಿನ ಪಾಲಿತಾಣದ ರೀಡು ಧಾರಾಳವಾಗಿ ಸಿಗುವುದರಿಂದ, ಹಳೆಯ ಪೆಟ್ಟಿಗೆಯಿಂದ ಪ್ಯಾರಿಸ್ ರೀಡು ಕಿತ್ತು ಬೇರೆ ಮಾರಿ, ಆ ಜಾಗಕ್ಕೆ ಹೊಸದನ್ನು ಹಾಕಿರುವ ಸಾಧ್ಯತೆ ಸದಾ ಇದೆ. ರೀಡು ಹೊರತೆಗೆದು ನೋಡಿ. ಶ್ರುತಿ ಏರಿಸಲು ನಾಲಿಗೆಯ ತುದಿಯಲ್ಲಿ, ಇಳಿಸಲು ಬುಡದಲ್ಲಿ ಕೆರೆಯುತ್ತಾರೆ. ಹಳೆಯ ರೀಡಿನಲ್ಲಿ ಆ ಕೆರೆತದ ಗುರುತಿನ ಮೇಲೂ ಹಿತ್ತಾಳೆ ಕಪ್ಪಾಗಿರುತ್ತದೆ. ತಟ್ಟೆಯ ಸುತ್ತ ಮರದಲ್ಲಿ ಹಳೆಯ ತಟ್ಟೆಯ ನೆರಳು ಬಿದ್ದಿದೆಯೇ, ಅದರ ಅಳತೆ ಈಗಿನದಕ್ಕೆ ಹೊಂದುತ್ತದೆಯೇ ನೋಡಿ. ಅಳತೆ ಬೇರೆಯಾದರೆ ರೀಡು ಬದಲಾಗಿದೆ, ಅನುಮಾನವೇ ಇಲ್ಲ.

"ಅರವತ್ತರ ದಶಕದಲ್ಲಿ ಆಕಾಶವಾಣಿಯಲ್ಲಿ ನುಡಿಸಿದ ಪೆಟ್ಟಿಗೆ" ಎಂಬ ಕಥೆ ಬಂದರೆ ನಕ್ಕು ಸುಮ್ಮನಿರಿ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ಹಾಕಿದ ನಿಷೇಧ ಸಡಿಲವಾದದ್ದೇ 1971ರಲ್ಲಿ.

ಲಕ್ಷಣ: ಸ್ಕ್ರೂ, ಅಂಟು, ತೂತು ಬೇರೆ ಬೇರೆ ಕಾಲ ಹೇಳುತ್ತಿವೆ

ಮೊನಚು ತುದಿಯ ಮರದ ಸ್ಕ್ರೂ ಯಂತ್ರದಲ್ಲಿ ತಯಾರಾಗಿ ಹರಡಿದ್ದು 1840ರ ದಶಕದ ನಂತರ; ಅದಕ್ಕೂ ಹಿಂದಿನವುಗಳ ತುದಿ ಮೊಂಡು. ಕೂಡು ಗುರುತಿನ ತಲೆಯ ಸ್ಕ್ರೂ 1930ರ ದಶಕದ್ದು. ಹಾಗಾದರೆ ಅಂಥ ಒಂದು ಸ್ಕ್ರೂ ಕಂಡ ಮಾತ್ರಕ್ಕೆ ವಾದ್ಯ ನಕಲಿಯೇ? ಅಲ್ಲ, ಯಾರೋ 1930ರ ನಂತರ ಅಲ್ಲಿ ಕೈಯಾಡಿಸಿದ್ದಾರೆ ಎಂದಷ್ಟೇ. ಅಂಟಿನದೂ ಅದೇ ಲೆಕ್ಕ. ಹಳೆಯ ಕಾಲದ, ಚರ್ಮ ಮೂಳೆ ಕುದಿಸಿ ತೆಗೆದ ಬಿಸಿ ಅಂಟು ಕಂದು ಬಣ್ಣಕ್ಕೆ ತಿರುಗಿ ಗಾಜಿನಂತೆ ಒಡೆಯುತ್ತದೆ. ಬಿಳಿ ಅಂಟು ಕಂಡರೆ ಆ ಜೋಡಣೆ ಈಚಿನದು, ಫೆವಿಕಾಲ್ ಬಂದದ್ದೇ 1959ರಲ್ಲಿ. ಮುಖ್ಯವಾದ ಪ್ರಶ್ನೆ, ಬಿಳಿ ಅಂಟು ಎಲ್ಲಿದೆ? ತಿದಿಯ ಚರ್ಮದ ಅಂಚಿನಲ್ಲಿದ್ದರೆ ಬಿಡಿ. ಹೆಸರಿನ ಫಲಕದ ಹಿಂದೆ ಇದ್ದರೆ ಬಿಡಬೇಡಿ.

ನೇರಳೆ ಟಾರ್ಚನ್ನು ಕತ್ತಲೆಯಲ್ಲಿ ಹಿಡಿದರೆ ಅರಗಿನ ಪಾಲಿಶ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಇಡೀ ಮುಚ್ಚಳ ಕಿತ್ತಳೆಯಾಗಿ, ಹೆಸರಿನ ಸುತ್ತ ಒಂದು ಅಂಗೈಯಷ್ಟು ಜಾಗ ಮಾತ್ರ ಬೇರೆ ಬಣ್ಣ ಕೊಟ್ಟರೆ ಅಲ್ಲಿ ಕೆರೆದು ಮತ್ತೆ ಬಳಿದಿದ್ದಾರೆ.

ಕುಟ್ಟೆ ಹುಳದ ತೂತುಗಳನ್ನು ಮಾರುವವರು ಹಳೆಯದೆಂಬುದಕ್ಕೆ ಪ್ರಮಾಣವಾಗಿ ತೋರಿಸುತ್ತಾರೆ. ಸರಿಯಾಗಿ ಓದಿದರೆ ಅದು ಅವರಿಗೇ ಎದುರು ಸಾಕ್ಷಿಯಾಗಬಹುದು. ಹುಳ ಹೊರಬರುವಾಗ ಮರದ ಮೇಲ್ಮೈಯಲ್ಲಿ ಮಾಡುವುದು ದುಂಡಗಿನ ಪುಟ್ಟ ತೂತು. ಒಳಗಿನ ಸುರಂಗ ಉದ್ದಕ್ಕೂ ಸೀಳಿ, ತೆರೆದ ಕಾಲುವೆಯ ಹಾಗೆ ಮೇಲ್ಮೈಯಲ್ಲಿ ಕಂಡರೆ ಹುಳ ತಿಂದ ಮೇಲೆ ಆ ಮರವನ್ನು ಕೊಯ್ದಿದ್ದಾರೆ. ಅಂದರೆ ಯಾವುದೋ ಹಳೆಯ ಬಾಗಿಲು, ಬೀರುವಿನ ಹಲಗೆ ತಂದು ವಾದ್ಯ ಮಾಡಿದ್ದಾರೆ. ಮರ ಹಳೆಯದು, ಪೆಟ್ಟಿಗೆ ಹೊಸದು.

ಮರ ಯಾವುದೆಂದು ತಿಳಿಯದಿದ್ದರೆ ಮಲ್ಲೇಶ್ವರ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರ ಗುರುತಿಸುವುದು ಅವರ ಕೆಲಸಗಳಲ್ಲೊಂದು. ಪೆಟ್ಟಿಗೆ ತೇಗದ್ದು ಎಂದ ಮಾತ್ರಕ್ಕೆ ಇಲ್ಲಿನದೇ ಅನ್ನಬೇಡಿ, ಉಷ್ಣದೇಶಗಳಿಗೆಂದು ಯೂರೋಪಿನವರೂ ತೇಗದಲ್ಲಿ ಪಿಯಾನೋ ಮಾಡಿ ಕಳಿಸುತ್ತಿದ್ದರು. ಒಳಗಿನ ಅಡಿಪಟ್ಟಿ, ಮನೆಗಳ ಮರ, ನಾದದ ಹಲಗೆ ಎಲ್ಲವೂ ತೇಗವಾದರೆ ಆಗ ಯೋಚಿಸಬೇಕು.

ಲಕ್ಷಣ: ಸವೆತ ಬಳಕೆಗೆ ಹೊಂದುತ್ತಿಲ್ಲ

ಚರ್ಚಿನಲ್ಲಿ ನುಡಿಸಿದ ಆರ್ಗನ್ನಿನ ಮನೆಗಳು ನಡುವಿನ ಸ್ಥಾಯಿಗಳಲ್ಲಿ ಎರಡೂ ಕಡೆ ಸರಿಸುಮಾರಾಗಿ ಸವೆದಿರುತ್ತವೆ. ನಮ್ಮ ಹಾಡಿಕೆಗೆ ನುಡಿಸಿದ್ದು ಹಾಗಲ್ಲ. ಕಪ್ಪು ಒಂದೋ ಬಿಳಿ ನಾಲ್ಕೋ, ಹಾಡುಗಾರರ ಶ್ರುತಿಯ ಸುತ್ತ ಮನೆಗಳು ಗುಳಿ ಬಿದ್ದಿರುತ್ತವೆ, ತುದಿಯ ಮನೆಗಳು ಹೊಚ್ಚ ಹೊಸದರಂತಿರುತ್ತವೆ. "ಮೊನ್ನೆ ಮೊನ್ನೆ ಲಂಡನ್ನಿನಿಂದ ತರಿಸಿದ್ದು" ಎಂಬ ಪೆಟ್ಟಿಗೆಯಲ್ಲಿ ಈ ಸವೆತ ಕಂಡರೆ ಅದು ಇಲ್ಲೇ ಒಂದು ಜೀವಮಾನ ಕಳೆದಿದೆ. ನಾಟಕ ಕಂಪನಿಯ ಪೆಟ್ಟಿಗೆ ಎಂದರೆ ಪೆಡಲಿನ ಹೊದಿಕೆ, ಸಾಗಿಸಿ ಸಾಗಿಸಿ ಮೂಲೆಗಳು, ಹಿಡಿಕೆಗಳು ಎಲ್ಲ ಜಜ್ಜಿರಬೇಕು. ಮನೆಗಳೆಲ್ಲ ಒಂದೇ ಸಮ ಸವೆದಿದ್ದರೆ ಉಪ್ಪುಕಾಗದ ಹಿಡಿದವರ ಕೆಲಸ. ಮನುಷ್ಯರು ಯಾರೂ ಎಲ್ಲಾ ಮನೆಗಳನ್ನೂ ಸಮವಾಗಿ ಮುಟ್ಟುವುದಿಲ್ಲ.

ಪಿಯಾನೋಗೆ ಮಾತ್ರ ಎರಡು ಮಾತು

ಮೇಲಿನ ಮುಚ್ಚಳ ಎತ್ತಿ ಕಬ್ಬಿಣದ ಚೌಕಟ್ಟನ್ನು ನೋಡಿ. ಅಚ್ಚು ಹೊಯ್ದ ಒಂದೇ ತುಂಡಿನ ಚೌಕಟ್ಟಿಗೆ ಬಾಸ್ಟನ್ನಿನ ಬ್ಯಾಬ್ಕಾಕ್ ಪೇಟೆಂಟ್ ಪಡೆದದ್ದು 1825ರಲ್ಲಿ, ಅದೂ ಚೌಕ ಪಿಯಾನೋಗೆ. ಮಂದ್ರದ ತಂತಿಗಳು ಉಳಿದವನ್ನು ಅಡ್ಡ ದಾಟುವ ಕ್ರಮಕ್ಕೆ ಗ್ರ್ಯಾಂಡ್‌ನಲ್ಲಿ ಸ್ಟೈನ್‌ವೇ ಪೇಟೆಂಟ್ ಪಡೆದದ್ದು 1859ರಲ್ಲಿ. 1830ರ ಗ್ರ್ಯಾಂಡ್ ಎಂದು ತೋರಿಸಿದ್ದರಲ್ಲಿ ತಂತಿಗಳು ಹೀಗೆ ದಾಟಿದ್ದರೆ ಇಸವಿ ನಂಬಬೇಡಿ. ಚೌಕಟ್ಟಿನ ಮೇಲೆ ಒಂದು ಹೆಸರು, ಮನೆಗಳ ಮುಚ್ಚಳದ ಮೇಲೆ ಇನ್ನೊಂದು ಹೆಸರು ಇರುವುದುಂಟು. ಅಂಗಡಿಯವರು ತಮ್ಮ ಹೆಸರು ಬರೆಸಿ ಮಾರುವುದು ಆಗ ಮಾಮೂಲು. ಮದ್ರಾಸಿನಲ್ಲಿ 1842ರಲ್ಲಿ ಶುರುವಾದ ಮಿಸ್ಕ್ವಿತ್ ಅಂಗಡಿಯಂಥವರ ಹೆಸರು ಕಂಡರೆ ಅದು ವಾದ್ಯ ದಕ್ಷಿಣಕ್ಕೆ ಬಂದ ದಾರಿಗೆ ಸಾಕ್ಷಿ, ಅಳಿಸಲು ಬಿಡಬೇಡಿ. ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಆಚೀಚೆ ಮಾಡಿದ ಹೆಸರುಗಳನ್ನು ಮಾತ್ರ ನಿಧಾನವಾಗಿ, ಬೆರಳಿಟ್ಟು ಓದಿ.

ದಂತದ ಮನೆ ಎನ್ನುವುದನ್ನೂ ಪರೀಕ್ಷಿಸಬೇಕು. ಆನೆದಂತದ ಹೊದಿಕೆಯಲ್ಲಿ ಸಾಮಾನ್ಯವಾಗಿ ಅಗಲದ ತುಂಡು, ಸಣ್ಣ ತುಂಡು ಎರಡು ಸೇರುವ ಸಣ್ಣ ಅಡ್ಡಗೆರೆ ಇರುತ್ತದೆ, ನಾರಿನ ಗೆರೆಗಳು ಒಂದೊಂದರಲ್ಲೂ ಬೇರೆ. 1870ರ ದಶಕದಿಂದ ಬಂದ ಸೆಲ್ಯುಲಾಯ್ಡಿನಲ್ಲಿ ಗೆರೆಗಳು ಅಳೆದಂತೆ ನೇರ, ಬೆರಳಿನಿಂದ ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ದಂತವೇ ಆಗಿದ್ದರೂ ಖುಷಿಪಡುವ ವಿಷಯವಲ್ಲ. 1972ರ ವನ್ಯಜೀವಿ ಕಾಯಿದೆಯಡಿ ದಂತದ ವ್ಯಾಪಾರಕ್ಕೆ ನಿಷೇಧವಿದೆ, ಕೈ ಬದಲಾಗುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ತೀರ್ಮಾನ ಬರೆಯುವುದು

ನೋಡಿದ್ದನ್ನೆಲ್ಲ ಮೂರು ಸಾಲಾಗಿ ಬರೆಯಿರಿ: ಯಾವುದು ರಿಪೇರಿ, ಯಾವುದು ಬಳಕೆಗಾಗಿ ಮಾಡಿದ ಮಾರ್ಪಾಡು, ಯಾವುದು ಹೆಸರು ಅಥವಾ ವಯಸ್ಸಿನ ಬಗ್ಗೆ ಸುಳ್ಳು ಹೇಳಲೆಂದೇ ಮಾಡಿದ್ದು. ಮೂರನೆಯ ಸಾಲಿಗೆ ಏನನ್ನೇ ಸೇರಿಸಬೇಕಾದರೂ ಒಂದಕ್ಕಿಂತ ಹೆಚ್ಚು ಗುರುತು ಬೇಕು. ಒಂದೇ ಸ್ಕ್ರೂ ಹಿಡಿದು ಮಾರುವವರ ಮುಂದೆ ಜಗಳಕ್ಕೆ ನಿಲ್ಲುವುದು ಬೇಡ. ಕೊಳ್ಳುವುದಾದರೆ ಬಿಲ್ಲಿನಲ್ಲಿ "ಹಳೆಯ ಹಾರ್ಮೋನಿಯಂ" ಎಂದಷ್ಟೇ ಬರೆಸಬೇಡಿ. ತಯಾರಕರ ಹೆಸರು, ಅಂದಾಜು ಇಸವಿ, ಮೂಲ ರೀಡು ಎಷ್ಟು, ಬದಲಾಗಿದ್ದು ಎಷ್ಟು ಎಂದು ಬರೆಸಿ. ಬರೆದುಕೊಡಲು ಹಿಂಜರಿದರೆ ಬೆಲೆ ತಾನಾಗಿ ಇಳಿಯುತ್ತದೆ. ವಿದೇಶದಲ್ಲಿರುವ ಮಗನಿಗೆ ಕಳಿಸಿಕೊಡೋಣ ಎಂದು ಕೊಳ್ಳುವವರು ಇನ್ನೊಂದು ಗಮನಿಸಬೇಕು. ನೂರು ವರ್ಷ ತುಂಬಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರಬಹುದು, ಬಂದರೆ ಖಾಸಗಿಯವರು ಹೊರಕ್ಕೆ ಕಳಿಸುವಂತಿಲ್ಲ. ವಯಸ್ಸು ಹೆಚ್ಚು ಹೇಳಿಸಿಕೊಂಡು ಕೊಂಡವರು ಕಸ್ಟಮ್ಸ್ ಮುಂದೆ ಅದೇ ವಯಸ್ಸನ್ನು ಅಲ್ಲಗಳೆಯುವ ಪರಿಸ್ಥಿತಿ ಬರುತ್ತದೆ.

ಸುಳ್ಳು ಫಲಕ ಎಂದು ಖಾತ್ರಿಯಾದರೂ ಕಿತ್ತು ಎಸೆಯಬೇಡಿ, ಉಪ್ಪುಕಾಗದ ಮುಟ್ಟಿಸಬೇಡಿ. ಫ್ರಾಂಚೊಲೀನಿಯ ಕೈಚಳಕ ಬಯಲಾದದ್ದು ಅವನ ಬರಹಗಳು, ಸೇರಿಸಿದ ಸಾಲುಗಳು ಹಾಗೇ ಉಳಿದು, ಒಂದರ ಜೊತೆ ಒಂದನ್ನು ಹೋಲಿಸಲು ಸಿಕ್ಕಿದ್ದರಿಂದ. ಏನು ಕಂಡಿತು, ಯಾವ ತಾರೀಖಿನಲ್ಲಿ ನೋಡಿದ್ದು ಎಂದು ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಗಾಳಿಯ ದಾರಿಗೆ ಅಡ್ಡ ಬಾರದ ಹಾಗೆ ಹಿಂದಿನ ಹಲಗೆಯ ಒಳಬದಿಗೆ ಸಿಕ್ಕಿಸಿ. ಮುಂದೆ ಬಿಚ್ಚುವವರಿಗೆ ಅದು ಬೇಕಾಗುತ್ತದೆ.